ಸಿರೋಸಿಸ್ ಇದ್ದವರಿಗೆ ಕೂತರೆ ಏದುಸಿರು, ಮಲಗಿದರೆ ಆರಾಮ: ಯಾಕೆ ಹೀಗೆ?

ತಂದೆಗೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ), ಎದ್ದು ಕೂತರೆ ಏದುಸಿರು, ಮಲಗಿದರೆ ಕಡಿಮೆ, ಎಕ್ಸ್‌ರೇಯಲ್ಲಿ ಎಂತದೂ ಇಲ್ಲ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಆದರೆ ಕುಮಟಾದ ನಮ್ಮ ಮನೆಯಲ್ಲಿ ಚಿಕ್ಕಪ್ಪನಿಗೆ ಥೇಟ್ ಇದೇ ಆಗಿತ್ತು.

ಜಗಲಿಯಲ್ಲಿ ಕೂತು ನಾಲ್ಕು ಅಡಿಕೆ ಸುಲಿಯುವಷ್ಟರಲ್ಲಿ ಉಸಿರು ಮೇಲೆ ಬರುತ್ತಿತ್ತು. ಚಾಪೆ ಮೇಲೆ ಉರುಳಿದರೆ ಸಲೀಸು. ಮೈಗಳ್ಳತನ ಅಂತ ಅಜ್ಜಿ ಬೈದದ್ದೂ ಉಂಟು. ಒಬ್ಬ ಡಾಕ್ಟರು ಅಸ್ತಮಾ ಅಂದು ಪಂಪ್ ಕೊಟ್ಟರು, ಮೂರು ತಿಂಗಳು ಹಾಗೇ ಹೋಯ್ತು. ಕೊನೆಗೆ ಮಣಿಪಾಲದಲ್ಲಿ ಒಬ್ಬರು ಮೊದಲು ಬೆರಳು ನೋಡಿದರು. ತುದಿ ದಪ್ಪಗಾಗಿ ಉಗುರು ಗಿಣಿಮೂತಿಯ ಹಾಗೆ ಬಾಗಿತ್ತು, ದಿನಾ ಜೊತೆಗೆ ಉಂಡ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ! ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡಿದರು: ಮಲಗಿದಾಗ ಶೇ. 94, ನಿಲ್ಲಿಸಿದಾಗ 87.

ಇದಕ್ಕೆ ಹೆಪಟೋಪಲ್ಮನರಿ ಸಿಂಡ್ರೋಮ್ ಅಂತಾರೆ. ಲಿವರ್ ಕೆಟ್ಟವರಲ್ಲಿ ಕೆಲವರಿಗೆ ಶ್ವಾಸಕೋಶದ ಸಣ್ಣ ರಕ್ತನಾಳಗಳು ಹಿಗ್ಗಿಬಿಡುತ್ತವೆ, ರಕ್ತ ಸಾಕಷ್ಟು ಆಮ್ಲಜನಕ ಹಿಡಿಯದೆ ದಾಟಿ ಹೋಗುತ್ತದೆ. ಹಿಗ್ಗಿದ ನಾಳಗಳು ಕೆಳಭಾಗದಲ್ಲೇ ಜಾಸ್ತಿ, ಎದ್ದರೆ ರಕ್ತ ಅಲ್ಲಿಗೇ ಇಳಿಯುತ್ತದೆ. ಪತ್ತೆಹಚ್ಚಲು ಬಬಲ್ ಎಕೋ ಮಾಡುತ್ತಾರೆ, ಅಂದರೆ ಗುಳ್ಳೆ ಬಿಟ್ಟು ಮಾಡುವ ಹೃದಯದ ಸ್ಕ್ಯಾನ್. ಸಲೈನನ್ನು ಎರಡು ಸಿರಿಂಜಿನ ನಡುವೆ ಗುಳ್ಳೆ ಬರುವಂತೆ ಅತ್ತಿತ್ತ ಒತ್ತಿ ಕೈಯ ನರಕ್ಕೆ ಕೊಡುತ್ತಾರೆ. ಆ ಗುಳ್ಳೆ ಶ್ವಾಸಕೋಶದಲ್ಲೇ ನಿಲ್ಲಬೇಕು. ಚಿಕ್ಕಪ್ಪನದು ನಾಲ್ಕೈದು ಬಡಿತ ಕಳೆದ ಮೇಲೆ ಹೃದಯದ ಎಡಬದಿಯಲ್ಲಿ ಬೆಳ್ಳಗೆ ಕಾಣಿಸಿಕೊಂಡಿತು.

ಮಲಗಿದರೇ ಉಸಿರು ಕಟ್ಟಿದರೆ ಬೇರೆ ಕಥೆ. ಸಿರೋಸಿಸ್‌ನಲ್ಲಿ ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರು ವಪೆಯ (ಎದೆ, ಹೊಟ್ಟೆ ನಡುವಿನ ಪರದೆ) ಸಣ್ಣ ತೂತುಗಳಿಂದ ಎದೆಗೆ ಏರಿರಬಹುದು, ಹೆಚ್ಚಾಗಿ ಬಲಗಡೆ. ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಅದಕ್ಕೆ ಮೂತ್ರ ಹೋಗುವ ಮಾತ್ರೆ, ಉಪ್ಪಿನ ಪಥ್ಯ. ಸಾಣಿಕಟ್ಟಾ ಆಗರದ ಉಪ್ಪು, ಮಿಡಿ ಉಪ್ಪಿನಕಾಯಿ, ಒಣಮೀನು ತಿಂದೇ ಬೆಳೆದ ನಮ್ಮ ಕಡೆಯವರಿಗೆ ಇದು ಮಾತ್ರೆಗಿಂತ ಕಷ್ಟ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಮೂರನೆಯ ಬಗೆಯೂ ಇದೆ, ಅದರ ಸುಳಿವೂ ಎಕೋದಲ್ಲೇ ಸಿಗುತ್ತದೆ.

ನಾಳ ಹಿಗ್ಗಿದ್ದನ್ನು ಸರಿಮಾಡುವ ಮಾತ್ರೆ ಇಲ್ಲ. ಲಿವರ್ ಕಸಿಯಾದರೆ ಬಹುಪಾಲು ಜನರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಅಲ್ಲಿವರೆಗೆ ಆಕ್ಸಿಜನ್ ಆಧಾರ. ಹಾಗಾಗಿ ಮಲಗಿದಾಗ ಎಷ್ಟು, ನಿಂತಾಗ ಎಷ್ಟು ಅಂತ ಒಂದು ವಾರ ಬರೆದಿಟ್ಟು ಲಿವರ್ ಡಾಕ್ಟರಿಗೇ ತೋರಿಸಿ. 90ರ ಕೆಳಗೆ ಇಳಿಯುತ್ತಿದ್ದರೆ ವಾರ ಕಾಯಬೇಡಿ.

ಮನೆಗೆ ಕಾನ್ಸನ್‌ಟ್ರೇಟರ್ (ಕರೆಂಟಿನಿಂದ ಓಡುವ ಆಕ್ಸಿಜನ್ ಯಂತ್ರ) ತರುವುದಾದರೆ ಪಕ್ಕದಲ್ಲಿ ಒಂದು ತುಂಬಿದ ಸಿಲಿಂಡರೂ ಇರಲಿ. ಆಷಾಢದ ಗಾಳಿಗೆ ಮರ ಬಿದ್ದು ನಮ್ಮಲ್ಲಿ ಒಂದೂವರೆ ದಿನ ಕರೆಂಟಿರಲಿಲ್ಲ.