ಹಡಗು ಮುಳುಗಿದ ಮೇಲೆ ಸಮುದ್ರದಲ್ಲಿ ಒಬ್ಬರೇ ತಿಂಗಳುಗಟ್ಟಲೆ ಬದುಕಬಹುದೇ?

ಬದುಕಬಹುದು. ಚೀನಾದ ಹೈನಾನ್ ದ್ವೀಪದ ಪೂನ್ ಲಿಮ್ ಒಂದು ತೆಪ್ಪದ ಮೇಲೆ 133 ದಿನ ಬದುಕಿದ್ದರು.

ಅವರು ಬೆನ್‌ಲೊಮಂಡ್ ಎಂಬ ಬ್ರಿಟಿಷ್ ಸರಕು ಹಡಗಿನಲ್ಲಿ ಸ್ಟೀವರ್ಡ್ ಆಗಿದ್ದರು. 1942ರ ನವೆಂಬರ್ 23ರಂದು ಜರ್ಮನಿಯ ಸಬ್‌ಮರೀನ್ ಅದನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಿತು. ಉಳಿದವರು ಇವರೊಬ್ಬರೇ. ತೆಪ್ಪದಲ್ಲಿ ಸ್ವಲ್ಪ ಬಿಸ್ಕತ್ತು, ಚಾಕೊಲೇಟ್, ಸಕ್ಕರೆ, ನೀರು ಇತ್ತು. ಅದೆಲ್ಲ ಎಷ್ಟು ದಿನ ಬಂದೀತು?

ಆಮೇಲೆ ಅವರನ್ನು ಉಳಿಸಿದ್ದು ಕೈಚಳಕ. ಲೈಫ್ ಜಾಕೆಟ್ಟಿನ ಬಟ್ಟೆಯಲ್ಲಿ ಮಳೆನೀರು ಹಿಡಿದರು. ಟಾರ್ಚಿನೊಳಗಿನ ತಂತಿ ಬಗ್ಗಿಸಿ ಗಾಳ ಮಾಡಿದರು, ಹಗ್ಗದ ಎಳೆ ಬಿಚ್ಚಿ ದಾರ ಮಾಡಿದರು. ದೊಡ್ಡ ಮೀನಿಗೆ ತೆಪ್ಪದ ಮೊಳೆಯೇ ಗಾಳವಾಯಿತು. ಹಕ್ಕಿಗಳನ್ನೂ ಹಿಡಿದು ತಿಂದರು. ಇನ್ನೊಂದು ವಿಷಯ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ: ಸಮುದ್ರ ಶಾಂತವಾಗಿದ್ದಾಗ ಅವರು ಇಳಿದು ಈಜುತ್ತಿದ್ದರು. ಸುಮ್ನೆ ಮಲಗಿದ್ದರೆ ಕಾಲಿನ ಶಕ್ತಿ ಹೋಗುತ್ತಿತ್ತು, ಅಲ್ವಾ?

1943ರ ಏಪ್ರಿಲ್‌ನಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಮೀನುಗಾರರು ಅವರನ್ನು ಕಂಡು ದೋಣಿಗೆ ಹತ್ತಿಸಿಕೊಂಡರು. ದಡ ಸೇರಿದಾಗ ಯಾರ ಆಸರೆಯೂ ಇಲ್ಲದೆ ನಡೆದರು! ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಪದಕ ಕೊಟ್ಟರು. ಯುದ್ಧದ ನಂತರ ಅವರು ಅಮೆರಿಕಕ್ಕೆ ಹೋಗಿ ನೆಲೆಸಿದರು. 1991ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು.