ಏಳು ವರ್ಷದ ಮಗನನ್ನು ಕರಾಟೆಗೆ ಸೇರಿಸಬಹುದಾ? ಆಮೇಲೆ ಅವನೇ ಹೊಡೆಯೋಕೆ ಶುರು ಮಾಡಿದರೆ?

ನೀವು ಕೇಳಿದ್ದು ಇಷ್ಟು. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಮಗನಿಗೆ ಏಳು ವರ್ಷ, ಮೆತ್ತಗಿನ ಸ್ವಭಾವ. ಶಾಲೆಯಲ್ಲಿ ಇಬ್ಬರು ಹುಡುಗರು ದಿನಾ ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಕರಾಟೆಗೆ ಹಾಕಿದರೆ ಧೈರ್ಯ ಬರುತ್ತಾ, ಇಲ್ಲಾ ಅವನೇ ಕೈ ಮಾಡೋಕೆ ಕಲೀತಾನಾ, ಓದು ಹಾಳಾಗುತ್ತಾ? ನಾಲ್ಕು ವರ್ಷದ ಮಗಳನ್ನೂ ಜೊತೆಗೇ ಕಳಿಸಬಹುದಾ?

ನಾನೂ ಇದೇ ಊರಿನವನು. ಹಗಲು ಬೇರೆ ಕೆಲಸ. ಸಂಜೆ ಒಂದು ಕರಾಟೆ ಕ್ಲಾಸಿನಲ್ಲಿ ಚಿಕ್ಕ ಮಕ್ಕಳ ಬ್ಯಾಚಿಗೆ ಮಾಸ್ಟರ್ ಜೊತೆ ನಿಲ್ಲುತ್ತೇನೆ. ಹಾಗಾಗಿ ನನಗೆ ಕರಾಟೆ ಕಡೆ ಸ್ವಲ್ಪ ಒಲವು ಜಾಸ್ತಿ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ. ಸೇರಿಸಿ ಅನ್ನೋದೇ ನನ್ನ ಉತ್ತರ. ಆದರೆ ಆ ಇಬ್ಬರಿಗೆ ಬುದ್ಧಿ ಕಲಿಸಲಿ ಅಂತ ಸೇರಿಸುವುದಾದರೆ ಬೇಡ.

ಏಳು ವರ್ಷದ ಹುಡುಗ ಒಂದು ವರ್ಷ ಕರಾಟೆ ಕಲಿತರೂ ತನಗಿಂತ ದಪ್ಪ ಇರುವವನನ್ನು ಹೊಡೆದು ಗೆಲ್ಲುವುದಿಲ್ಲ. ಸಿನಿಮಾದಲ್ಲಿ ಮಾತ್ರ ಅದು. ಶಾಲೆಯ ವಿಷಯವನ್ನು ಶಾಲೆಯಲ್ಲೇ ಬಗೆಹರಿಸಬೇಕು. ಕ್ಲಾಸ್ ಟೀಚರ್ ಹತ್ತಿರ ನೀವೇ ಹೋಗಿ ಮಾತಾಡಿ. ಅವರು ಕೇಳದಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ. ವಿಷಯ ಕೈ ಮೀರಿದರೆ ಮಕ್ಕಳ ಸಹಾಯವಾಣಿ 1098 ಇದೆ. ಅಷ್ಟು ದೊಡ್ಡವರು ಮಾಡಬೇಕಾದ ಕೆಲಸವನ್ನು ಮಗುವಿನ ಮುಷ್ಟಿಗೆ ಒಪ್ಪಿಸುವುದು ಸರಿಯಲ್ಲ, ಅಲ್ವಾ?

ಹಾಗಾದರೆ ಕರಾಟೆ ಎಂತಕ್ಕೆ ಅಂದರೆ, ಮೊದಲನೆಯದು ದನಿ. ಪಂಚ್ ಮಾಡುವಾಗ ಹೊಟ್ಟೆಯಿಂದ ಜೋರಾಗಿ ಕೂಗಬೇಕು, ಅದಕ್ಕೆ ಕಿಯಾಯ್ ಅನ್ನುತ್ತಾರೆ. ನಿಮ್ಮ ಮಗನಂಥ ಮಕ್ಕಳು ಬಂದ ಹೊಸದರಲ್ಲಿ ಬಾಯಿ ಮಾತ್ರ ತೆರೆಯುತ್ತಾರೆ, ಸದ್ದೇ ಬರುವುದಿಲ್ಲ. ಮನೆಯಲ್ಲಿ 'ಕೂಗಬೇಡ', ಶಾಲೆಯಲ್ಲಿ 'ಗಲಾಟೆ ಮಾಡಬೇಡ' ಅಂತ ಕೇಳಿಯೇ ಬೆಳೆದವರು. ಇಲ್ಲಿ ದೊಡ್ಡವರೇ ನಿಂತು 'ಇನ್ನೂ ಜೋರಾಗಿ' ಅನ್ನುತ್ತಾರೆ. ಕೆಲವರಿಗೆ ವಾರ ಸಾಕು, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಮ್ಮೆ ದನಿ ಬಂತು ಅಂದರೆ ನಿಲ್ಲುವ ರೀತಿಯೇ ಬದಲಾಗುತ್ತದೆ. ಬೆನ್ನು ನೆಟ್ಟಗೆ, ಕಣ್ಣು ಎದುರಿನವರ ಕಡೆ. ಗೋಳು ಹೊಯ್ದುಕೊಳ್ಳುವ ಹುಡುಗರು ಹುಡುಕುವುದು ತಲೆ ತಗ್ಗಿಸಿ ಸುಮ್ನೆ ಸಹಿಸಿಕೊಳ್ಳುವವನನ್ನು. 'ಮುಟ್ಬೇಡ!' ಅಂತ ಇಡೀ ಕ್ಲಾಸಿಗೆ ಕೇಳುವ ಹಾಗೆ ಕಿರುಚಿ, ಅಲ್ಲಿಂದ ನಡೆದು ಟೀಚರ್ ಹತ್ತಿರ ಹೋಗುವುದು ಏಳು ವರ್ಷದವನ ನಿಜವಾದ ಆತ್ಮರಕ್ಷಣೆ. ಒಳ್ಳೆಯ ಮಾಸ್ಟರ್ ಇದನ್ನೂ ಹೇಳಿಕೊಡುತ್ತಾರೆ.

ಎರಡನೆಯದು ನಿಲ್ಲಿಸುವುದು. ನಿಮ್ಮ 'ಅವನೇ ಹೊಡೆದರೆ' ಅನ್ನುವ ಭಯಕ್ಕೆ ಉತ್ತರ ಇಲ್ಲಿದೆ. ಮಾಸ್ಟರ್ 'ಹಾಜಿಮೆ' ಅಂದರೆ ಶುರು, 'ಯಮೆ' ಅಂದರೆ ಕೈಕಾಲು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಇಬ್ಬರನ್ನು ಎದುರುಬದುರು ನಿಲ್ಲಿಸಿ ಪಂಚ್ ಮಾಡಿಸುವಾಗ, ಅದು ಜೊತೆಗಾರನ ಹೊಟ್ಟೆಗೆ ತಾಗುವ ಮೊದಲೇ ನಿಲ್ಲಬೇಕು. ತಾಗಿತೋ, ತಪ್ಪು ಹೊಡೆದವನದು. ಮಕ್ಕಳಿಗೆ ಕಷ್ಟ ಆಗುವುದು ಇದೇ, ಜೋರಾಗಿ ಹೊಡೆಯುವುದು ಯಾರಿಗೆ ಬರಲ್ಲ ಹೇಳಿ? ವೇಗವಾಗಿ ಹೋಗುತ್ತಿರುವ ಕೈಯನ್ನು ಒಂದು ಇಂಚು ಮುಂಚೆ ಹಿಡಿದು ನಿಲ್ಲಿಸಲು ವರ್ಷಗಳೇ ಬೇಕು. ಸಿಟ್ಟಿನ ಸ್ವಭಾವದ ಮಕ್ಕಳಿಗೂ ಇದರಿಂದಲೇ ಉಪಯೋಗ ಆಗಿದ್ದನ್ನು ನೋಡಿದ್ದೇನೆ. ಅವರು ಮೆತ್ತಗಾಗುತ್ತಾರೆ ಅಂತಲ್ಲ, ಸಿಟ್ಟು ಬಂದಾಗ ಕೈ ಎತ್ತುವ ಮೊದಲು ಒಂದು ಕ್ಷಣ ತಡೆಯುತ್ತಾರೆ.

ಎಲ್ಲ ಕ್ಲಾಸಿನಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. 1986ರಲ್ಲಿ ಟ್ರಲ್ಸನ್ ಅನ್ನುವವರು ಅಮೆರಿಕದಲ್ಲಿ, ಹದಿಹರೆಯದ ಪುಂಡ ಹುಡುಗರನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದರು. ಗೌರವ, ಧ್ಯಾನ ಎಲ್ಲ ಸೇರಿಸಿ ಹಳೆಯ ಕ್ರಮದಲ್ಲಿ ಟೇಕ್ವಾಂಡೋ (ಕರಾಟೆಯಂಥದ್ದೇ ಕೊರಿಯಾದ ಸಮರಕಲೆ) ಕಲಿತವರ ಆಕ್ರಮಣಕಾರಿ ಸ್ವಭಾವ ಕಡಿಮೆಯಾಯಿತು. ಬರೀ ಹೊಡೆದಾಟ ಕಲಿತವರಲ್ಲಿ ಅದು ಜಾಸ್ತಿಯಾಯಿತು! ಮೂರನೆಯ ಗುಂಪಿಗೆ ಓಟ, ಬ್ಯಾಸ್ಕೆಟ್‌ಬಾಲ್ ಅಂಥದ್ದನ್ನು ಕೊಟ್ಟಿದ್ದರು. ನಾರ್ವೆಯಲ್ಲಿ ಎಂಡ್ರೆಸನ್ ಮತ್ತು ಓಲ್ವೆಯಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಎಚ್ಚರಿಸುತ್ತದೆ. ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಪೂರ್ವ ದೇಶಗಳ ಸಮರಕಲೆ, ಇವುಗಳಿಗೆ ಸೇರಿದ 11ರಿಂದ 13 ವರ್ಷದ ಹುಡುಗರಲ್ಲಿ ಹೊರಗಿನ ಪುಂಡಾಟ ಹೆಚ್ಚಿದ್ದು ಅದರಲ್ಲಿ ಕಂಡಿತು. ಅಂದರೆ ಕಲೆಯ ಹೆಸರು ನೋಡಿ ಸೇರಿಸಿದರೆ ಸಾಲದು, ಕಲಿಸುವವರನ್ನು ನೋಡಬೇಕು.

ನೋಡುವುದು ಹೇಗೆ? ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಪೂರ್ತಿ ಹೋಗಿ ಕೂತುಕೊಳ್ಳಿ. ಅಪ್ಪ ಅಮ್ಮ ಒಳಗೆ ಬರುವ ಹಾಗಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಮಕ್ಕಳ ಕೈಕಾಲು ಮುಟ್ಟಿ ತಿದ್ದುವ ಕಲೆ ಇದು. ಅದು ಎಲ್ಲರ ಕಣ್ಣೆದುರಿಗೇ ನಡೆಯಬೇಕು. ತಪ್ಪು ಮಾಡಿದ ಮಗುವಿಗೆ ಮಾಸ್ಟರ್ ಏನು ಮಾಡುತ್ತಾರೆ ಗಮನಿಸಿ. ಹತ್ತು ಬೈಠಕ್ ಹೊಡೆಸಿದರೆ ಪರವಾಗಿಲ್ಲ. ಬೆತ್ತ ಹಿಡಿದವರು, ಉಳಿದ ಮಕ್ಕಳ ಮುಂದೆ ಆಡಿಕೊಂಡು ನಗುವವರು ಬೇಡ. ಅತ್ತ ಮಗುವಿನ ಹತ್ತಿರ ಯಾರು ಹೋಗುತ್ತಾರೆ, ಸೋತವನ ಜೊತೆ ಗೆದ್ದವನು ಹೇಗೆ ನಡೆದುಕೊಳ್ಳುತ್ತಾನೆ, ಅದನ್ನೂ ನೋಡಿ. ಇದೆಲ್ಲ ಗೋಡೆ ಮೇಲಿನ ಟ್ರೋಫಿಯಿಂದ ಗೊತ್ತಾಗುವುದಿಲ್ಲ.

ಪೆಟ್ಟಿನ ವಿಷಯ. ಅಮೆರಿಕದ ಮಕ್ಕಳ ವೈದ್ಯರ ಸಂಘ (ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್) 2016ರಲ್ಲಿ ಈ ಬಗ್ಗೆ ಒಂದು ವರದಿ ಕೊಟ್ಟಿತ್ತು. ಮೈಗೆ ಮೈ ತಾಗದ ಅಭ್ಯಾಸದಲ್ಲಿ ಅಪಾಯ ಕಡಿಮೆ, ತಲೆಗೆ ಹೊಡೆತ ಬೀಳುವ ಸ್ಪರ್ಧೆಗಳಲ್ಲಿ ಜಾಸ್ತಿ ಅಂತ ಅದರಲ್ಲಿದೆ. ಹೆಲ್ಮೆಟ್ ಹಾಕಿದ್ದಾರಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ, ಮಿದುಳಿನ ಆಘಾತವನ್ನು ಅದು ತಡೆಯುತ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಹಾಗಾಗಿ ನಿಮ್ಮ ಮಗನಿಗೆ ಇನ್ನು ಕೆಲವು ವರ್ಷ ಬೇಸಿಕ್ಸ್ ಮತ್ತು ಕಟಾ (ಎದುರಾಳಿ ಇಲ್ಲದೆ ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳು) ಸಾಕು. ಹೆಂಚು ಒಡೆಯುವುದು, ಬೆರಳಿನ ಗೆಣ್ಣು ನೆಲಕ್ಕೆ ಊರಿ ಪುಷ್ಅಪ್ ಹೊಡೆಯುವುದು ಬೆಳೆಯುವ ಮೂಳೆಗೆ ಬೇಡವೇ ಬೇಡ. ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಬೀಳುತ್ತದೆ ಅನ್ನೋದೊಂದೇ ಅದರ ಲಾಭ.

ಬೆಲ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಲ್ಟ್ ಪದ್ಧತಿ ಕರಾಟೆಯದೇ ಅಲ್ಲ. 1882ರಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ ಅವರದು. ಅವರಿಂದ ಕರಾಟೆ ಗುರು ಫುನಾಕೋಶಿ ತೆಗೆದುಕೊಂಡು, ಕರಾಟೆಯಲ್ಲಿ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು 1924ರಲ್ಲಿ ಕೊಟ್ಟರು. ಈಗ ಕೆಲವು ಕಡೆ ಎರಡು ತಿಂಗಳಿಗೊಂದು ಬೆಲ್ಟ್ ಟೆಸ್ಟ್, ಪ್ರತಿ ಟೆಸ್ಟಿಗೂ ಫೀಸು. ಕಲ್ಯಾಣ ಮಂಟಪದಲ್ಲಿ ನಡೆಯುವ 'ನ್ಯಾಷನಲ್' ಪಂದ್ಯಕ್ಕೆ ಹೋಗಿ ಬಂದವರಿಗೆಲ್ಲ ಮೆಡಲ್! ಹೋಗಲಿ ಬಿಡಿ, ಮಕ್ಕಳಿಗೆ ಖುಷಿ. ಆದರೆ ತಿಂಗಳ ಫೀಸು, ಡ್ರೆಸ್, ಟೆಸ್ಟು, ಪಂದ್ಯ ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಒಲಿಂಪಿಕ್ಸ್ ಕನಸು ತೋರಿಸಿದರೆ ಒಂದು ಮಾತು ನೆನಪಿರಲಿ: ಕರಾಟೆ ಇದ್ದದ್ದು ಟೋಕಿಯೋದಲ್ಲಿ ಮಾತ್ರ, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಟೇಕ್ವಾಂಡೋ 2000ದಿಂದ ಪ್ರತಿ ಸಲವೂ ಇದೆ.

ಕರಾಟೆಯೇ ಆಗಬೇಕು ಅಂತಿಲ್ಲ. ಹತ್ತಿರದಲ್ಲಿ ಜೂಡೋ ಸಿಕ್ಕರೆ ಬಿಡಬೇಡಿ. ಅಲ್ಲಿ ಮೊದಲು ಕಲಿಸುವುದೇ ಪೆಟ್ಟಾಗದ ಹಾಗೆ ಬೀಳುವುದು. ಸೈಕಲ್ ಮೇಲಿಂದ ಬಿದ್ದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಕುಸ್ತಿ ನೋಡಿರಬೇಕಲ್ಲ? ಆ ಗರಡಿ ತಾಲೀಮು ಯಾವುದಕ್ಕೂ ಕಡಿಮೆ ಇಲ್ಲ. ಚಿಕ್ಕ ಮಕ್ಕಳನ್ನು ಬೇರೆಯಾಗಿ ನೋಡಿಕೊಳ್ಳುವ ಉಸ್ತಾದರು ಸಿಗಬೇಕು ಅಷ್ಟೇ.

ಓದಿನ ಚಿಂತೆ ಬಿಡಿ. ವಾರಕ್ಕೆ ಎರಡು ಮೂರು ಸಂಜೆಯಿಂದ ಎರಡನೇ ಕ್ಲಾಸಿನ ಓದು ಹಾಳಾಗಲ್ಲ ಮಾರಾಯ್ರೆ. 2004ರಲ್ಲಿ ಲೇಕ್ಸ್ ಮತ್ತು ಹೊಯ್ಟ್ ಅಮೆರಿಕದ ಒಂದು ಶಾಲೆಯ 207 ಮಕ್ಕಳಲ್ಲಿ ಒಂದು ಭಾಗಕ್ಕೆ ಮಾಮೂಲಿ ಪಿ.ಟಿ., ಇನ್ನೊಂದಕ್ಕೆ ಟೇಕ್ವಾಂಡೋ ಮೂರು ತಿಂಗಳು ಕೊಟ್ಟು ನೋಡಿದರು. ಟೇಕ್ವಾಂಡೋ ಮಾಡಿದವರಲ್ಲಿ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೆಚ್ಚು ಸುಧಾರಿಸಿತು, ಬಾಯಿಲೆಕ್ಕದಲ್ಲೂ ಮುಂದಿದ್ದರು. ಇದರಿಂದ ಮಾರ್ಕ್ಸ್ ಬರುತ್ತದೆ ಅಂತ ನಾನು ಹೇಳಲ್ಲ.

ನಮ್ಮ ಮಲೆನಾಡಿನ ಮಕ್ಕಳಿಗೆ ಇನ್ನೊಂದು ಲಾಭ ಇದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಇಲ್ಲಿ ಮೈದಾನಕ್ಕೆ ಕಾಲಿಡುವುದೇ ಕಷ್ಟ, ಮಕ್ಕಳು ಮೊಬೈಲ್ ಹಿಡಿದು ಕೂತುಬಿಡುತ್ತಾರೆ. ಒಳಾಂಗಣದ ಕ್ಲಾಸು ಆಗ ನಿಜಕ್ಕೂ ಬೇಕು. ಆದರೆ ಡ್ರೆಸ್ ದಪ್ಪ ಬಟ್ಟೆ, ಬೇಗ ಒಣಗಲ್ಲ, ಎರಡು ಜೊತೆ ಇಟ್ಟುಕೊಳ್ಳಿ. ಹಳ್ಳಿ ಕಡೆಯಿಂದ ಬರುವ ಮಕ್ಕಳ ಡ್ರೆಸ್ಸಿಗೆ ಆಗ ಬಚ್ಚಲೊಲೆಯ ಹೊಗೆ ವಾಸನೆ ಇದ್ದೇ ಇರುತ್ತದೆ. ಕ್ಲಾಸ್ ನಡೆಯುವ ಹಾಲ್‌ನ ನೆಲ ಬೆವರಿ ಜಾರುತ್ತದೆ, ಮ್ಯಾಟ್ ಇದೆಯಾ ಅಂತ ಕೇಳಿ. ಬರಿಗಾಲಲ್ಲಿ ಆಡುವುದರಿಂದ, ಮನೆಗೆ ಬಂದ ಮೇಲೆ ಕಾಲು ತೊಳೆದು ಬೆರಳ ಸಂದಿ ಒರೆಸಿಕೊಳ್ಳುವುದನ್ನು ರೂಢಿ ಮಾಡಿಸಿ. ಇಲ್ಲದಿದ್ದರೆ ಫಂಗಸ್ ಆಗಿ ಕೆರೆತ ಶುರುವಾಗುತ್ತದೆ.

ಮಗಳು ಈಗಲೇ ಬೇಡ. ನಾಲ್ಕು ವರ್ಷಕ್ಕೆ ಸಾಲಿನಲ್ಲಿ ನಿಲ್ಲಿಸುವುದೇ ಸಾಹಸ, ಅವಳಿಗೂ ಬೇಜಾರು, ನಮಗೂ. ಆರು ತುಂಬಲಿ. ಹೆಣ್ಣುಮಕ್ಕಳಿಗೆ ಎಂತಕ್ಕೆ ಅಂತ ಮನೆಯಲ್ಲಿ ಯಾರಾದರೂ ರಾಗ ಎಳೆದರೆ, ಸಮಗ್ರ ಶಿಕ್ಷಣ ಯೋಜನೆಯಲ್ಲಿ 6ರಿಂದ 12ನೇ ತರಗತಿ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ ಅಂತ ಹೇಳಿ. ನನ್ನ ಕೇಳಿದರೆ ಮೂರು ತಿಂಗಳು ಏನಕ್ಕೂ ಸಾಲದು. ಅದಕ್ಕೇ ಅವಳನ್ನು ಆರಕ್ಕೇ ಸೇರಿಸಿ ಅಂದಿದ್ದು. ಅಲ್ಲಿಯವರೆಗೆ ಅಣ್ಣ ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಅವಳೂ ಪಕ್ಕ ನಿಂತು ಕುಣಿಯಲಿ. ಡ್ರೆಸ್ ಮಾತ್ರ ಈಗ ಕೊಡಿಸಬೇಡಿ, ಸೇರುವ ಹೊತ್ತಿಗೆ ಚಿಕ್ಕದಾಗಿರುತ್ತದೆ.