ಕೇಳದೆ ಮಾಡಿದ ಸಹಾಯ

ಪ್ರಶ್ನೆ: ನನಗೆ 24 ವರ್ಷ. ನಮ್ಮ ಕಚೇರಿಯ ತಂಡಕ್ಕೆ 57 ವರ್ಷದ ಸಹೋದ್ಯೋಗಿಯೊಬ್ಬರು ಬಂದಿದ್ದಾರೆ. ಹೊಸ ತಂತ್ರಾಂಶ ಅವರಿಗೆ ಕಷ್ಟವಾದೀತೆಂದು ಆ ಕೆಲಸವನ್ನೆಲ್ಲ ನಾವೇ ಮುಗಿಸಿಬಿಡುತ್ತೇವೆ. ಇದರಿಂದ ಅವರು ನೊಂದಿದ್ದಾರೆಂದು ಈಚೆಗೆ ತಿಳಿಯಿತು. ಕಾಳಜಿಯಿಂದ ಮಾಡಿದ್ದರಲ್ಲಿ ತಪ್ಪೇನು?

ಉತ್ತರ: ನಿಮ್ಮ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರನ್ನು ಒಂದು ಮಾತೂ ಕೇಳದೆ, ವಯಸ್ಸೊಂದನ್ನೇ ನೋಡಿ ‘ಇವರಿಂದಾಗದು’ ಎಂದು ತೀರ್ಮಾನಿಸಿದಿರಲ್ಲ, ತಪ್ಪಿರುವುದು ಅಲ್ಲಿ. ವಯಸ್ಸಿನಿಂದಲೇ ವ್ಯಕ್ತಿಯನ್ನು ಅಳೆಯುವ ಈ ಧೋರಣೆಗೆ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ‘ಏಜಿಸಂ’ ಎಂದು ಹೆಸರಿಟ್ಟರು. ನಾವು ಅದನ್ನು ವಯೋತಾರತಮ್ಯ ಎನ್ನಬಹುದು. ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ಹಿರಿಯರ ಬಗ್ಗೆ ಇಂಥ ಪೂರ್ವಗ್ರಹವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ತಿರಸ್ಕಾರವಾಗಿ ಬಂದರೆ ಅದನ್ನು ಯಾರಾದರೂ ಗುರುತಿಸಿಯಾರು. ಮಗುವಿಗೆ ಹೇಳುವಂತೆ ರಾಗ ಎಳೆದು ಮಾತನಾಡುವುದು, ಅವರನ್ನು ಕೇಳಿದ್ದಕ್ಕೆ ಪಕ್ಕದವರು ಉತ್ತರಿಸುವುದು, ಕೈಯಲ್ಲಿದ್ದ ಕೆಲಸವನ್ನು ‘ಬಿಡಿ, ನಾನು ಮಾಡುತ್ತೇನೆ’ ಎಂದು ತೆಗೆದುಕೊಳ್ಳುವುದು ಇವೆಲ್ಲ ಪ್ರೀತಿಯಂತೆಯೇ ತೋರುವುದರಿಂದ, ಮಾಡುವವರಿಗೆ ತಾವೇನು ಮಾಡುತ್ತಿದ್ದೇವೆಂಬುದು ತಿಳಿಯುವುದೇ ಇಲ್ಲ. ನೋವು ಅನುಭವಿಸುವವರಿಗೆ ಮಾತ್ರ ತಿಳಿಯುತ್ತದೆ.

ವಯಸ್ಸಾದಂತೆ ಹೊಸ ಮಾಹಿತಿಯನ್ನು ಗ್ರಹಿಸುವ ವೇಗ ತಗ್ಗುವುದು ನಿಜ. ಆದರೆ ನಿಧಾನವಾಗಿ ಕಲಿಯುವುದೇ ಬೇರೆ, ಕಲಿಯಲಾರದಿರುವುದೇ ಬೇರೆ. ಪದಸಂಪತ್ತು ಮತ್ತು ಅನುಭವದಿಂದ ಬಂದ ತಿಳಿವಳಿಕೆ ಅರವತ್ತರ ನಂತರವೂ ಉಳಿಯುತ್ತವೆ, ಎಷ್ಟೋ ಜನರಲ್ಲಿ ಬೆಳೆಯುತ್ತವೆ.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಕಾಡಿದೆ. ಅಮೆರಿಕದ ಓಹಾಯೊದಲ್ಲಿ 50 ವರ್ಷ ದಾಟಿದ 660 ಮಂದಿಯ ಮಾಹಿತಿಯನ್ನು ಪರಿಶೀಲಿಸಿದ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆಯಿದ್ದವರು ಇಲ್ಲದವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರೆಂದು 2002ರಲ್ಲಿ ಪ್ರಕಟಿಸಿದರು. ‘ನಿಮ್ಮಿಂದಾಗದು’ ಎಂಬುದನ್ನು ದಿನವೂ ಸುತ್ತಲಿನವರ ವರ್ತನೆಯಲ್ಲಿ ಕಾಣುವ ವ್ಯಕ್ತಿ ಒಂದು ದಿನ ‘ನನ್ನಿಂದಾಗದು’ ಎಂದು ತಾನೇ ನಂಬತೊಡಗುತ್ತಾನೆ. ಅಂಥ ನಂಬಿಕೆಯನ್ನು ಒಬ್ಬರಲ್ಲಿ ಬಿತ್ತುವುದನ್ನು ಸಣ್ಣ ತಪ್ಪೆಂದು ನಾನು ಹೇಳಲಾರೆ.

ಮೊದಲು ಅವರ ಬಳಿ ಹೋಗಿ, ಕೇಳದೆ ಕೆಲಸ ತೆಗೆದುಕೊಂಡದ್ದಕ್ಕೆ ಕ್ಷಮೆ ಕೇಳಿ. ತಂತ್ರಾಂಶದ ಯಾವ ಭಾಗ ಅವರಿಗೆ ಈಗಾಗಲೇ ಗೊತ್ತು, ಯಾವುದನ್ನು ತೋರಿಸಬೇಕು ಎಂಬುದನ್ನು ಅವರೇ ಹೇಳಲಿ. ವಾರಕ್ಕೆ ಒಂದೆರಡು ಬಾರಿ ಜೊತೆಗೆ ಕುಳಿತುಕೊಳ್ಳಿ. ಅವರ ಮೂವತ್ತು ವರ್ಷಗಳ ವೃತ್ತಿಯಿಂದ ನೀವು ಕಲಿಯಬೇಕಾದುದನ್ನೂ ಅದೇ ಹೊತ್ತಿನಲ್ಲಿ ಕೇಳಿ. ಅವರು ತಪ್ಪಿದಾಗಲೂ ನೀವು ಮೌಸಿಗೆ ಕೈ ಹಾಕಬೇಡಿ. ಬಾಯಲ್ಲಿ ಹೇಳಿ, ತಿದ್ದುವುದು ಅವರ ಕೈಯಿಂದಲೇ ಆಗಲಿ.